ಹಂಗೇರಿಯ ಸಿಹಿ

ಅಲಿಯಾ ವೈನ್ ಕುಡಿಯುವುದಿಲ್ಲ. ಇಂದಿರಾನಗರದ ನೂರಡಿ ರಸ್ತೆಯ ಒಂದು ದೊಡ್ಡ ಹೋಟೆಲಿನಲ್ಲಿ ಯಾವ ವೈನ್ ಯಾವ ಊಟಕ್ಕೆ ಹೊಂದುತ್ತದೆ ಎಂದು ಗಿರಾಕಿಗಳಿಗೆ ಹೇಳುವುದೇ ಅವಳ ಕೆಲಸ. ಆ ಕೆಲಸಕ್ಕೆ ಸೊಮೆಲಿಯೇ ಎಂಬ ಫ್ರೆಂಚ್ ಹೆಸರಿದೆ, ಅವಳ ಕೋಟಿನ ಮೇಲೆ ಅದನ್ನು ಕೆತ್ತಿದ ಹಿತ್ತಾಳೆಯ ಬಿಲ್ಲೆಯೂ ಇದೆ. ಆದರೆ ಎರಡು ವರ್ಷದಲ್ಲಿ ಒಂದು ಹನಿಯೂ ಅವಳ ನಾಲಗೆಗೆ ತಾಗಿಲ್ಲ. ಈ ಕಸುಬಿನ ಉಳಿದವರು ಬಾಯಿಗೆ ಹಾಕಿಕೊಂಡು, ಮುಕ್ಕಳಿಸಿ, ಉಗಿಯುತ್ತಾರೆ. ಅಲಿಯಾ ಅದನ್ನೂ ಮಾಡುವವಳಲ್ಲ. ಗ್ಲಾಸನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದರೆ ಯಾವ ದೇಶ, ಯಾವ ದ್ರಾಕ್ಷಿ ಎಂದು ಹೇಳಿಬಿಡುತ್ತಾಳೆ. ಹತ್ತರಲ್ಲಿ ಎಂಟು ಸಲ ಅದು ಸರಿಯಾಗಿರುತ್ತದೆ. ಉಳಿದ ಎರಡು ಸಲ ಗಿರಾಕಿಗೂ ಗೊತ್ತಿರುವುದಿಲ್ಲ, ಹೀಗಾಗಿ ಅವಳ ಮೂಗಿಗೆ ನೂರಡಿ ರಸ್ತೆಯಲ್ಲಿ ಒಳ್ಳೆಯ ಹೆಸರು.

ಮನೆ ಶಿವಾಜಿನಗರದಲ್ಲಿ. ಅಪ್ಪ ಚಾಂದ್ ಪಾಷಾ ಖಾಲಿ ಬಾಟಲಿಯ ವ್ಯಾಪಾರಿ. ಕ್ಲಬ್ಬು, ಹೋಟೆಲು, ಮದುವೆ ಛತ್ರಗಳಿಂದ ಬಾಟಲಿ ತಂದು, ತೊಳೆಸಿ, ಬೇಕಾದವರಿಗೆ ಮಾರುತ್ತಾನೆ. ಮಗಳು ಈ ಕೆಲಸಕ್ಕೆ ಸೇರುತ್ತೇನೆಂದಾಗ ಅವನು ರೇಗಲಿಲ್ಲ. “ಖಾಲಿ ಬಾಟ್ಲಿ ಮಾರಿ ನಿನ್ನ ಓದಿಸ್ದೋನು ನಾನು. ತುಂಬಿದ್ ಬಾಟ್ಲಿ ಮುಟ್ಬೇಡ ಅಂತ ಯಾವ ಬಾಯಲ್ಲಿ ಹೇಳ್ಲಿ? ಕುಡೀಬೇಡ ಬೇಟಿ, ಅಷ್ಟು ಸಾಕು” ಎಂದ. ಅಮ್ಮ ಖುರ್ಷೀದಾಗೆ ಮಾತ್ರ ವೈನ್ ಎಂಬ ಶಬ್ದವೇ ಬಾಯಿಗೆ ಬರುವುದಿಲ್ಲ. ನೆಂಟರು ಕೇಳಿದರೆ, ನಮ್ಮ ಅಲಿಯಾ ಹೋಟೆಲಿನಲ್ಲಿ ಮೀಠೆ ಸೆಕ್ಷನ್ ನೋಡ್ಕೋತಾಳೆ ಎನ್ನುತ್ತಾಳೆ. ಪೂರ್ತಿ ಸುಳ್ಳೂ ಅಲ್ಲ. ಊಟದ ಕೊನೆಗೆ ಕೊಡುವ ಸಿಹಿ ವೈನುಗಳೆಂದರೆ ಅಲಿಯಾಳಿಗೆ ಪ್ರಾಣ.

ಅವಳನ್ನು ಕೆಲಸಕ್ಕೆ ತೆಗೆದುಕೊಂಡವನು ಜೀಶಾನ್. ಫ್ರೇಜರ್ ಟೌನಿನವನು, ಹೋಟೆಲಿನ ಮ್ಯಾನೇಜರ್, ಪಾಲುದಾರನೂ ಹೌದು. ಬೇರೆ ಕಡೆಯವರೆಲ್ಲ, ಕುಡಿಯದೆ ಅದೇನು ಹೇಳ್ತೀಯಮ್ಮ ಎಂದು ನಕ್ಕು ಕಳಿಸಿದ್ದರು. ಜೀಶಾನ್ ನಗಲಿಲ್ಲ. “ಮೂಗಿದೆಯಲ್ಲ, ನಡಿಯುತ್ತೆ” ಎಂದಿದ್ದ. ಅಂದಿನಿಂದ ಅವನು ಅವಳ ಪಾಲಿಗೆ ಅಣ್ಣನೇ ಆಗಿಬಿಟ್ಟ.

ಆ ಭಾನುವಾರ ಮಧ್ಯಾಹ್ನ ಹೋಟೆಲಿಗೆ ಒಂದು ವೈನ್ ಸಂಘದ ಇಪ್ಪತ್ತನಾಲ್ಕು ಸದಸ್ಯರು ಊಟಕ್ಕೆ ಬಂದಿದ್ದರು. ಐದು ಸಿಹಿ ವೈನು, ಐದು ಸೀಮೆ. ಪರಿಚಯ ಮಾಡಿಕೊಡುವವಳು ಅಲಿಯಾ. ಸಂಘದ ಅಧ್ಯಕ್ಷರು ಭಗವಂತರಾಯರು. ಕಲಬುರಗಿ ಕಡೆಯವರು, ವಿಮಾ ಕಂಪನಿಯ ದೊಡ್ಡ ಹುದ್ದೆಯಿಂದ ನಿವೃತ್ತರಾಗಿ ಜೀವನ್ ಬಿಮಾ ನಗರದಲ್ಲಿ ಮನೆ ಮಾಡಿಕೊಂಡವರು. ಈ ಸಂಘ ವರ್ಷಕ್ಕೊಬ್ಬ ಸೊಮೆಲಿಯೇಯನ್ನು ತನ್ನ ಖರ್ಚಿನಲ್ಲಿ ಹೊರದೇಶದ ದ್ರಾಕ್ಷಿ ಕೊಯ್ಲಿಗೆ ಕಳಿಸುತ್ತದೆ. ಈ ಸಲ ಹಂಗೇರಿಯ ಟೋಕಾಯ್, ಅಕ್ಟೋಬರ್ ತಿಂಗಳು. ಯಾರು ಹೋಗುವುದು ಎಂಬುದು ಈ ಊಟದ ಕೊನೆಗೆ ತೀರ್ಮಾನವಾಗಬೇಕಿತ್ತು. ಅಲಿಯಾ ಪಾಸ್‌ಪೋರ್ಟ್ ಮಾಡಿಸಿ ಇಟ್ಟುಕೊಂಡಿದ್ದಳು. ಯಾರಿಗೂ ಹೇಳದೆ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಒಂದು ದಪ್ಪ ಉಣ್ಣೆಯ ಕೋಟನ್ನೂ ಕೊಂಡಿದ್ದಳು. ಜೀವನದಲ್ಲಿ ಇಷ್ಟು ಆಸೆಪಟ್ಟದ್ದು ಬೇರೊಂದಿರಲಿಲ್ಲ.

ಮೊದಲ ನಾಲ್ಕು ಬಾಟಲಿಗಳು ಸಲೀಸಾಗಿ ಸಾಗಿದವು. ನಾಸಿಕ್‌ನಲ್ಲಿ ತಡವಾಗಿ ಕೊಯ್ದ ದ್ರಾಕ್ಷಿಯ ವೈನಿನಿಂದ ಶುರು ಮಾಡಿ, ಪೋರ್ಚುಗಲ್ಲಿನ ಡೋರೊ ಕಣಿವೆಯಲ್ಲಿ ಇವತ್ತಿಗೂ ಕೆಲವರು ದ್ರಾಕ್ಷಿಯನ್ನು ಕಾಲಲ್ಲಿ ತುಳಿದೇ ರಸ ತೆಗೆಯುವುದನ್ನು ಹೇಳಿದಳು. ಕೆನಡಾದ ನಯಾಗರಾದಲ್ಲಿ ಹಣ್ಣು ಬಳ್ಳಿಯಲ್ಲೇ ಹೆಪ್ಪುಗಟ್ಟುವವರೆಗೆ ಕಾಯುತ್ತಾರೆ, ಕಲ್ಲಿನಂತಿರುವಾಗಲೇ ಹಿಂಡುತ್ತಾರೆ, ನೀರು ಮಂಜಾಗಿ ಒಳಗೇ ಉಳಿದು ಸಿಹಿಯಷ್ಟೇ ಹೊರಗೆ ಬರುತ್ತದೆ ಎಂದಾಗ ಒಬ್ಬಾಕೆ ಫೋನ್ ತೆಗೆದು ಬರೆದುಕೊಂಡಳು. ಫ್ರಾನ್ಸಿನ ಸೊತೆರ್ನ್ ಬಂದಾಗಲಂತೂ ಅಲಿಯಾಗೆ ರೆಕ್ಕೆ ಮೂಡಿತ್ತು. “ಅಲ್ಲೊಂದು ಸಣ್ಣ ಹೊಳೆ ದೊಡ್ಡ ನದಿಗೆ ಸೇರುತ್ತೆ. ಎರಡೂ ನೀರು ಬೆರೆಯೋ ಜಾಗದಲ್ಲಿ ಬೆಳಿಗ್ಗೆ ಬೆಳಿಗ್ಗೆ ಮಂಜು ಏಳುತ್ತೆ. ಆ ಮಂಜಿಗೆ ದ್ರಾಕ್ಷಿ ಬೂಷ್ಟು ಹಿಡಿಯುತ್ತೆ. ನಮ್ಮ ಮನೇಲಾದ್ರೆ ಅಂಥಾ ಹಣ್ಣನ್ನ ಕಸಕ್ಕೆ ಹಾಕ್ತೀವಿ. ಅವರು ಒಂದೊಂದೇ ಕಾಳು ಆರಿಸಿ ಇಟ್ಕೋತಾರೆ. ಕೊಳೆತದ್ದರಲ್ಲೇ ಸಿಹಿ ಇರೋದು” ಎಂದಳು. ಭಗವಂತರಾಯರು ಮೇಜು ತಟ್ಟಿದರು.

ಐದನೆಯದು ಟೋಕಾಯ್. ಉದ್ದ ಕತ್ತಿನ ಬಿಳಿ ಗಾಜಿನ ಬಾಟಲಿ, ಒಳಗೆ ಬಂಗಾರದ ಬಣ್ಣ. ಇದೊಂದನ್ನು ಮಾತ್ರ ಯಾವಾಗಲೂ ಜೀಶಾನನೇ ತೆರೆಯುತ್ತಿದ್ದ. ಒಂದು ಗಂಟೆ ಮೊದಲೇ ತೆರೆದಿಡಬೇಕು, ವೈನು ಉಸಿರಾಡಬೇಕು ಎನ್ನುತ್ತಿದ್ದ. ಐಸಿನಲ್ಲಿ ಹೂತಿಟ್ಟು, ತಾನೇ ಗ್ಲಾಸಿಗೆ ಬಗ್ಗಿಸಿ ಕಳಿಸುತ್ತಿದ್ದ. ಅಲಿಯಾ ಆ ತಣ್ಣನೆಯ ಗ್ಲಾಸನ್ನು ಮೂಸಿ, ಹಂಗೇರಿಯ ಎರಡು ನದಿಗಳ ಕಥೆ ಹೇಳುತ್ತಿದ್ದಳು. ಅವತ್ತೂ ಅವನು ಮೂರು ಬಾಟಲಿಗಳನ್ನು ತೆರೆದು ಐಸಿನ ತೊಟ್ಟಿಯಲ್ಲಿ ತಂದ. ಭಗವಂತರಾಯರು ಕೈ ಅಡ್ಡ ಹಿಡಿದರು.

“ನೀ ಬ್ಯಾಡಪ್ಪ. ಇವತ್ತ ನಮ್ಮ ಹುಡುಗಿನೇ ತನ್ನ ಕೈಲೆ ಹಾಕ್ಲಿ. ಹಂಗೇರಿಗಿ ಹೋಗಾಕಿ ಅದಾಳ, ರೂಢಿ ಆಗ್ಬೇಕಲ್ಲ!”

ಹೋಗಾಕಿ ಅದಾಳ! ಅಲಿಯಾಗೆ ಕಿವಿ ಬಿಸಿಯಾಯಿತು. ಜೀಶಾನ್ ಬಾಟಲಿ ಕೊಡಲು ಒಂದು ಗಳಿಗೆ ತಡಮಾಡಿದ. ಅವಳು ಅದನ್ನು ನಾಚಿಕೆಯಿಲ್ಲದೆ ಕಿತ್ತುಕೊಂಡಳು ಎಂದೇ ಹೇಳಬೇಕು.

ವೈನ್ ಬಾಟಲಿಯ ತಳ ಒಳಕ್ಕೆ ಕುಳಿಯಾಗಿರುತ್ತದೆ. ಕಲಿತವರು ಆ ಕುಳಿಯಲ್ಲಿ ಹೆಬ್ಬೆರಳಿಟ್ಟು, ಉಳಿದ ಬೆರಳುಗಳ ಮೇಲೆ ಬಾಟಲಿ ಮಲಗಿಸಿ, ಒಂದೇ ಕೈಯಲ್ಲಿ ಬಗ್ಗಿಸುತ್ತಾರೆ. ನೋಡಲು ಚೆಂದ. ಅಲಿಯಾ ಹಾಗೇ ಹಿಡಿದಳು. ಹೆಬ್ಬೆರಳಿಗೆ ಏನೋ ತಾಗಿತು. ಸಾಸಿವೆ ಕಾಳಿನಷ್ಟು ದಪ್ಪ, ಗಟ್ಟಿ, ನುಣುಪು.

ಆ ಬೊಟ್ಟು ಅವಳ ಬೆರಳಿಗೆ ಗೊತ್ತಿತ್ತು.

ಚಾಂದ್ ಪಾಷಾನ ಗೋದಾಮಿನಲ್ಲಿ ಬೆಳಕು ಕಡಿಮೆ. ಬಾಟಲಿ ತೊಳೆದ ಮೇಲೆ ಅದರ ಬಾಯಿಯ ಸುತ್ತ ಕಿರುಬೆರಳು ಆಡಿಸಿ ನೋಡುತ್ತಾರೆ. ಚೂರೂ ಒಡೆದಿಲ್ಲವೆಂದರೆ ತಳದ ಕುಳಿಯೊಳಗೆ ಬಣ್ಣವಿಲ್ಲದ ನೇಲ್ ಪಾಲಿಶಿನ ಒಂದು ಬೊಟ್ಟು. ಒಡೆದಿದ್ದರೆ ಎರಡು ಬೊಟ್ಟು, ಅದು ಹೂವಿನ ಅಲಂಕಾರದವರಿಗೆ. ಬಣ್ಣ ಬಳಿದರೆ ಕೊಳ್ಳುವವರು ಗೊಣಗುತ್ತಾರೆ. ಈ ಬೊಟ್ಟು ಕಣ್ಣಿಗೆ ಕಾಣುವುದಿಲ್ಲ, ಕತ್ತಲಲ್ಲೂ ಕೈಗೆ ಗೊತ್ತಾಗುತ್ತದೆ. ಮದುವೆಯಾಗಿ ಬಂದ ಹೊಸತರಲ್ಲಿ ಖುರ್ಷೀದಾ ಹೂಡಿದ ಉಪಾಯ ಅದು. ಶಿವಾಜಿನಗರದ ಬೇರಾವ ಗೋದಾಮಿನಲ್ಲೂ ಈ ಪದ್ಧತಿ ಇಲ್ಲ. ಶಾಲೆಯಿಂದ ಬಂದು ಬ್ಯಾಗ್ ಎಸೆದು ಅಲಿಯಾ ಇಟ್ಟ ಬೊಟ್ಟುಗಳಿಗೆ ಲೆಕ್ಕವೇ ಇಲ್ಲ.

ಅಪ್ಪ ತೊಳೆಸಿದ ಬಾಟಲಿ ಹಂಗೇರಿಗೆ ಹೋಗಿ, ವೈನ್ ತುಂಬಿಕೊಂಡು ಮತ್ತೆ ಇಂದಿರಾನಗರಕ್ಕೆ ಬರುವುದಿಲ್ಲ. ಇಷ್ಟು ಗೊತ್ತಾಗಲು ಅವಳಿಗೆ ಯಾವ ಡಿಪ್ಲೊಮಾವೂ ಬೇಕಿರಲಿಲ್ಲ. ಆದರೂ ಅವಳ ಕೈ ತನ್ನ ಪಾಡಿಗೆ ತಾನು ಬಗ್ಗಿಸುತ್ತಲೇ ಇತ್ತು. ಎರಡನೆಯ ಬಾಟಲಿ ಎತ್ತಿಕೊಂಡಳು. ಬೊಟ್ಟು. ಮೂರನೆಯದು. ಬೊಟ್ಟು. ಜೀಶಾನ್ ಬಾಗಿಲ ಹತ್ತಿರ ನಿಂತು ಅವಳ ಕೈಯನ್ನಲ್ಲ, ಮುಖವನ್ನು ನೋಡುತ್ತಿದ್ದ.

ಭಗವಂತರಾಯರು ಗ್ಲಾಸು ಹಿಡಿದು ಎದ್ದು ನಿಂತರು. ಅವರು ಎದ್ದರೆ ಬೇಗ ಕೂರುವವರಲ್ಲ. ತಮ್ಮ ಮೊದಲ ಹಂಗೇರಿ ಪ್ರವಾಸ, ಅಲ್ಲಿನ ನೆಲದಡಿಯ ಉಗ್ರಾಣ, ಅಲ್ಲಿ ಜಾರಿ ಬಿದ್ದದ್ದು, ಎಲ್ಲ ಹೇಳಿದರು. ಅಷ್ಟೂ ಹೊತ್ತು ಅಲಿಯಾ ತನ್ನ ಗ್ಲಾಸನ್ನು ಎರಡೂ ಅಂಗೈಯಲ್ಲಿ ಬಿಗಿಯಾಗಿ ಹಿಡಿದು ನಿಂತಿದ್ದಳು. ಐಸಿನ ತಂಪು ಇಳಿಯಿತು. ಗ್ಲಾಸು ಬೆಚ್ಚಗಾಯಿತು. ಮಾತು ಮುಗಿಯುವ ಹೊತ್ತಿಗೆ ಅವಳು ಅಭ್ಯಾಸಬಲದಿಂದ ಅದನ್ನು ಮೂಗಿನ ಹತ್ತಿರ ತಂದಳು.

ಏಪ್ರಿಕಾಟ್. ಕೇಸರಿ. ಕಿತ್ತಳೆ ಸಿಪ್ಪೆ. ಜೇನು. ವರ್ಷವಿಡೀ ಗಿರಾಕಿಗಳಿಗೆ ಅವಳು ಹೇಳುತ್ತ ಬಂದದ್ದು ಇದೇ ಪಟ್ಟಿ, ಪುಸ್ತಕದಲ್ಲಿ ಟೋಕಾಯ್ ಬಗ್ಗೆ ಬರೆದಿರುವುದೂ ಇದೇ. ಆದರೆ ಬೆಚ್ಚಗಾದ ಗ್ಲಾಸಿನ ತಳದಿಂದ, ಇಷ್ಟು ದಿನ ಐಸು ಅಡಗಿಸಿಟ್ಟಿದ್ದ ಇನ್ನೊಂದು ವಾಸನೆ ಎದ್ದು ಬಂತು. ಕಹಿಬಾದಾಮಿಯಂಥ ವಾಸನೆ. ಒಣ ಏಪ್ರಿಕಾಟಿನ ಓಟೆ ಒಡೆದು, ಒಳಗಿನ ತಿರುಳು ತೆಗೆದು, ಪಾಕಕ್ಕೆ ಹಾಕಿ ಕುದಿಸಿದರೆ ಬರುವ ವಾಸನೆ. ಹಬ್ಬದ ಹಿಂದಿನ ದಿನ ಅವರ ಮನೆಯ ಮೆಟ್ಟಿಲ ಕೆಳಗಿನವರೆಗೂ ಬರುವ ವಾಸನೆ. ಅಮ್ಮನ ಖುಬಾನಿ ಕಾ ಮೀಠಾ.

ಅಲಿಯಾ ಗ್ಲಾಸನ್ನು ಮೇಜಿನ ಮೇಲಿಟ್ಟಳು.

“ಏನ್ ಘಮ ಅದ ನೋಡ್ರಿ!” ಭಗವಂತರಾಯರು ಗ್ಲಾಸು ಬರಿದು ಮಾಡಿದ್ದರು. “ಮೂರ್ ಸಲ ಹೋಗಿ ಬಂದೀನಿ, ಇಂಥಾ ಟೋಕಾಯ್ ಹಂಗೇರಿಯೊಳಗೂ ಸಿಕ್ಕಿಲ್ಲ ನನಗ.”

ಚಪ್ಪಾಳೆ ಬಿತ್ತು. ಅಲಿಯಾ ಅದೇ ಗದ್ದಲದಲ್ಲಿ ಅಡುಗೆಮನೆಯ ಪಕ್ಕದ ಓಣಿಗೆ ಹೋಗಿ ಮನೆಗೆ ಫೋನ್ ಮಾಡಿದಳು. ಅಮ್ಮ ಎತ್ತಿದಳು. ನಮ್ಮ ಹೋಟೆಲಿಗೆ ನೀನೇನಾದರೂ ಕಳಿಸುತ್ತಿದ್ದೀಯಾ ಎಂದು ಅಲಿಯಾ ಕೇಳಿದಳು. ಆ ಕಡೆಯಿಂದ ಖುರ್ಷೀದಾ ಖುಷಿಯಾಗಿ ನಕ್ಕಳು.

“ಜೀಶಾನ್ ಹೇಳ್ಬಿಟ್ನಾ? ಸರ್‌ಪ್ರೈಸ್ ಆಂಟಿ, ಅಲಿಯಾಗೆ ಹೇಳ್ಬೇಡಿ ಅಂತಿದ್ದ! ಹದಿನೈದು ದಿನಕ್ಕೊಂದ್ ಡಬ್ಬಾ ಪಾಕ ಒಯ್ತಾನೆ ಬೇಟಿ. ಮೆನು ಕಾರ್ಡಲ್ಲಿ ನನ್ ಹೆಸ್ರೇ ಹಾಕಿಸ್ತಾನಂತೆ, ಖುರ್ಷೀದಾಸ್ ಖುಬಾನಿ ಅಂತ. ಇವತ್ ಕೊಟ್ರಾ? ಜನ ಏನಂದ್ರು?”

ಅಲಿಯಾ ಫೋನ್ ಇಟ್ಟಳು. ಹೋದ ವರ್ಷದ ಈದ್ ಆದ ಮರುದಿನ ಒಂದು ಡಬ್ಬಿ ಖುಬಾನಿ ತಂದು ಕೆಲಸದವರಿಗೆಲ್ಲ ಹಂಚಿದವಳು ಅವಳೇ. ಎರಡು ಸಲ ಹಾಕಿಸಿಕೊಂಡು ತಿಂದ ಜೀಶಾನನನ್ನು, ಮನೆಗೇ ಬನ್ನಿ ಭಾಯಿ, ಅಮ್ಮಿ ಬಿಸಿಬಿಸಿ ಮಾಡಿಕೊಡ್ತಾಳೆ ಎಂದು ಕರೆದವಳೂ ಅವಳೇ. ಅವನು ಬಂದ, ತಿಂದ, ಹೊಗಳಿದ. ಅಪ್ಪ ಹೆಮ್ಮೆಯಿಂದ ಗೋದಾಮು ತೋರಿಸಿದ. ಅಲ್ಲಿ ಯಾವುದೋ ದೊಡ್ಡ ಮದುವೆಯಿಂದ ಬಂದಿದ್ದ ಉದ್ದ ಕತ್ತಿನ ಬಾಟಲಿಗಳಿದ್ದವು. ಶೋಕೇಸಿಗೆ ಚೆನ್ನಾಗಿರುತ್ತೆ, ಮೇಲಿನ ಚೀಟಿ ಕೀಳಬೇಡಿ, ಒಳಗಷ್ಟೇ ತೊಳೆಸಿಕೊಡಿ ಅಂಕಲ್ ಎಂದು ಅಷ್ಟನ್ನೂ ತೆಗೆದುಕೊಂಡು ಹೋದ. ಅದರ ಮುಂದಿನ ತಿಂಗಳೇ ಹೋಟೆಲಿನ ಮೆನುವಿಗೆ ಟೋಕಾಯ್ ಬಂತು. ಇಷ್ಟೆಲ್ಲ ಕಣ್ಣೆದುರೇ ನಡೆದಿತ್ತು!

ತಿರುಗಿದರೆ ಜೀಶಾನ್ ಅಲ್ಲೇ ನಿಂತಿದ್ದ.

“ಕಿರುಚ್ಬೇಡ,” ಎಂದ ಮೆಲ್ಲಗೆ. “ಕಡಿಮೆ ರೇಟಿನ ಬಿಳಿ ವೈನು, ಚೂರು ಬ್ರಾಂದಿ, ನಿಮ್ಮಮ್ಮನ ಪಾಕ. ವಿಷ ಏನೂ ಹಾಕಿಲ್ಲ. ಒಬ್ರಿಗಾದ್ರೂ ಹೊಟ್ಟೆ ನೋವು ಬಂತಾ?”

“ಭಾಯಿ, ಅಮ್ಮಿ ಮಾಡಿದ್ದನ್ನ... ಶರಾಬಿಗೆ ಬೆರೆಸಿದ್ರಾ?” ಅವಳು ಫೋನನ್ನು ಕೋಟಿನ ಜೇಬಿಗೆ ತುರುಕಿದಳು. “ನಾನು ಒಂದ್ ಸಲಾನಾದ್ರೂ ನಿಜವಾದ್ ಟೋಕಾಯ್ ಮೂಸಿದೀನಾ?”

“ಇಲ್ಲ.”

ಎಷ್ಟು ಸಲೀಸಾಗಿ ಹೇಳಿಬಿಟ್ಟ ಆ ಮನುಷ್ಯ! ಹೊರಗೆ ಕ್ರಿಕೆಟ್ ನಡೀತಿದೆಯಾ ಎಂದು ಕೇಳಿದ್ದರೂ ಅವನು ಅದೇ ದನಿಯಲ್ಲಿ ಇಲ್ಲ ಎನ್ನುತ್ತಿದ್ದ.

“ಇಷ್ಟ್ ದಿನ ನಂಗೆ ಗೊತ್ತಾಗ್ಲಿಲ್ಲ ಅಂತ ನಗ್ತಾ ಇದ್ರಾ?”

“ನಗೋದ್ಯಾಕೆ? ಯೋಚ್ನೆ ಮಾಡು ಅಲಿಯಾ. ಬೆಂಗಳೂರಲ್ಲಿ ಸೊಮೆಲಿಯೇ ಸಿಗಲ್ವಾ? ಕುಡಿಯೋನನ್ನ ಇಟ್ಕೊಂಡಿದ್ರೆ ಮೊದಲ್ನೇ ವಾರಾನೇ ಹಿಡ್ಕೊಂಡ್ಬಿಡ್ತಿದ್ದ. ಇಂಥದ್ದೊಂದು ಮಾಡ್ಬೇಕು ಅಂತ ಮೊದ್ಲಿಂದ್ಲೂ ಇತ್ತು, ನಾಲಗೆಗೆ ಸೋಕಿಸ್ದೇ ಇರೋರು ನೀನೊಬ್ಳೇ ಸಿಕ್ಕಿದ್ದು.” ಅವನು ಅವಳ ಭುಜ ತಟ್ಟಿದ. “ಹಂಗೇರಿಗೆ ಹೋಗಿ ಬಾ. ಹೇಳ್ತೀನಿ ಅಂತಿದ್ರೆ ಹೇಳು. ಪೊಲೀಸ್ರು ಮೊದ್ಲು ಬರೋದು ನಿಮ್ಮಪ್ಪನ ಗೋದಾಮಿಗೆ. ಆಮೇಲೆ ನಿಮ್ಮಮ್ಮನ ಒಲೆ ಹತ್ರ.”

ಅಲಿಯಾಗೆ ಅಳು ಬರಲಿಲ್ಲ. ಅಳುವುದಕ್ಕೂ ಮೈಯಲ್ಲಿ ಸ್ವಲ್ಪ ಬಿಸಿಯಿರಬೇಕು. ಎರಡು ವರ್ಷ ಅವಳು ತನ್ನ ಮೂಗನ್ನು ನಂಬಿ ತಲೆಯೆತ್ತಿ ನಡೆದಿದ್ದಳು. ಕುಡಿಯುವುದಿಲ್ಲ ಎಂಬುದು ಅವಳ ಗಟ್ಟಿತನ ಎಂದುಕೊಂಡಿದ್ದಳು, ಅಪ್ಪನಿಗೆ ಕೊಟ್ಟ ಮಾತು ಎಂದುಕೊಂಡಿದ್ದಳು. ಈ ಮನುಷ್ಯನಿಗೆ ಅದು ಬರೀ ಅನುಕೂಲವಾಗಿತ್ತು.

ಒಳಗಿನಿಂದ ಭಗವಂತರಾಯರು ಕರೆದರು. ಅವರ ಕೈಯಲ್ಲಿ ಒಂದು ಬಿಳಿ ಲಕೋಟೆ ಇತ್ತು, ಅದರ ಮೇಲೆ ಅವಳ ಹೆಸರೂ ಇತ್ತು. ಇಪ್ಪತ್ತನಾಲ್ಕು ಮುಖಗಳು ಅವಳತ್ತ ತಿರುಗಿ ನಗುತ್ತಿದ್ದವು. ಕೈ ಚಾಚಿ ತೆಗೆದುಕೊಂಡರೆ ಸಾಕಿತ್ತು. ಅಕ್ಟೋಬರ್ ಇನ್ನೇನು ದೂರವಿರಲಿಲ್ಲ. ಆದರೆ ಇನ್ನು ಹದಿನೈದು ದಿನಕ್ಕೆ ಜೀಶಾನ್ ಮತ್ತೆ ಶಿವಾಜಿನಗರಕ್ಕೆ ಹೋಗುತ್ತಾನೆ, ಅಮ್ಮ ಮತ್ತೆ ಖುಷಿಯಿಂದ ಡಬ್ಬಾ ತುಂಬಿಕೊಡುತ್ತಾಳೆ, ಮೆನುವಿನಲ್ಲಿ ತನ್ನ ಹೆಸರು ಯಾವಾಗ ಬರುತ್ತದೆ ಎಂದು ಕಾಯುತ್ತಾಳೆ. ಅದನ್ನು ನೆನೆದದ್ದೇ ತಡ, ಅಲಿಯಾಗೆ ಮಾತು ಬಂದುಬಿಟ್ಟಿತು.

“ಸರ್, ನೀವು ಈಗ ಕುಡಿದದ್ದು ಟೋಕಾಯ್ ಅಲ್ಲ. ಬಾಟಲಿ ನಮ್ಮಪ್ಪನ ಗೋದಾಮಿನದು. ಒಳಗಿರೋ ಸಿಹಿ ನಮ್ಮಮ್ಮ ಮಾಡಿದ್ದು, ಶಿವಾಜಿನಗರದಲ್ಲಿ. ಇಬ್ಬರಿಗೂ ಇದು ಎಲ್ಲಿಗೆ ಹೋಗ್ತಿತ್ತು ಅಂತ ಗೊತ್ತಿಲ್ಲ. ಇನ್ನುಳಿದಿದ್ದು ಏನೇನು ಬೆರೆಸಿದಾರೆ ಅಂತ ಜೀಶಾನ್ ಅವರನ್ನ ಕೇಳಿ.”

ಒಂದಿಬ್ಬರು ನಕ್ಕರು. ಇದೂ ಕಾರ್ಯಕ್ರಮದ ಭಾಗ ಎಂದುಕೊಂಡಿರಬೇಕು.

“ತಮಾಷಿ ಸಾಕವ್ವ,” ಎಂದರು ಭಗವಂತರಾಯರು.

“ತಮಾಷೆ ಅಲ್ಲ ಸರ್. ವರ್ಷದಿಂದ ನಾನೇ ಇದನ್ನ ಹಂಗೇರಿಯದ್ದು ಅಂತ ಹೇಳಿ ಹೇಳಿ ಕುಡಿಸಿದೀನಿ. ನಂಗೆ ಗೊತ್ತಾಗ್ಲಿಲ್ಲ. ನಾನು ಕುಡಿಯಲ್ಲ ಅಂತಲೇ ನನ್ನ ಇಟ್ಕೊಂಡಿದ್ರಂತೆ.”

ಆಮೇಲೆ ನಗುವವರಿರಲಿಲ್ಲ. ಒಬ್ಬಾಕೆ ನ್ಯಾಪ್ಕಿನ್ನಿನಿಂದ ತುಟಿ ಒರೆಸಿಕೊಳ್ಳತೊಡಗಿದಳು, ಒರೆಸಿಕೊಳ್ಳುತ್ತಲೇ ಇದ್ದಳು. ಭಗವಂತರಾಯರ ಮುಖ ಕಪ್ಪಿಟ್ಟಿತು. ಮೂರು ಸಲ ಹಂಗೇರಿಗೆ ಹೋಗಿ ಬಂದ ಮನುಷ್ಯ ಎಲ್ಲರೆದುರು ಹೊಗಳಿದ್ದು ಖುಬಾನಿ ಪಾಕವನ್ನು. ಅವರಿಗೆ ಜೀಶಾನನ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಅಲಿಯಾಳ ಮೇಲೆ ಬಂದಿತ್ತು, ಅದು ಅವರ ಕಣ್ಣಲ್ಲೇ ಕಾಣುತ್ತಿತ್ತು. ಲಕೋಟೆಯನ್ನು ಮಡಿಚಿ ಕೋಟಿನ ಒಳಜೇಬಿಗೆ ಹಾಕಿಕೊಂಡರು. ಅಲಿಯಾ ಬಿಲ್ಲೆ ಬಿಚ್ಚಿ ಮೇಜಿನ ಮೇಲಿಟ್ಟು ಹೊರಗೆ ಬಂದಳು. ಹಿಂದೆ ಕುರ್ಚಿಗಳು ಸರಿಯುವ ಸದ್ದು, ಯಾರೋ ಜೀಶಾನನ ಹೆಸರು ಹಿಡಿದು ಕೂಗುವ ಸದ್ದು ಕೇಳಿಸಿತು.

ಹಲಸೂರು ಕೆರೆ ದಾಟುವಷ್ಟರಲ್ಲಿ ಅವಳ ಫೋನು ಹತ್ತು ಸಲ ಹೊಡೆದುಕೊಂಡಿತು. ಅವಳು ಎತ್ತಲಿಲ್ಲ. ಜೀಶಾನ್ ಅಮ್ಮನಿಗೆ ಫೋನ್ ಮಾಡುವ ಮೊದಲು ಮನೆ ಸೇರಬೇಕು, ಈ ಸುದ್ದಿ ಅಮ್ಮನಿಗೆ ತನ್ನ ಬಾಯಿಂದಲೇ ಹೋಗಬೇಕು. ಇನ್ನೂ ಬೇಗ ಹೋಗಣ್ಣ ಎಂದು ಆಟೋದವನನ್ನು ಎರಡು ಸಲ ಗದರಿದಳು.

ಚಾಂದ್ ಪಾಷಾ ಊಟ ಮಾಡಿ ಗೋಡೆಗೊರಗಿ ಕೂತಿದ್ದ. ಖುರ್ಷೀದಾ ನೆಲದ ಮೇಲೆ ನೆನೆದ ಏಪ್ರಿಕಾಟಿನ ಪಾತ್ರೆ ಇಟ್ಟುಕೊಂಡು ಒಂದೊಂದನ್ನೇ ಹಿಚುಕಿ ಓಟೆ ತೆಗೆಯುತ್ತಿದ್ದಳು. ಮಗಳು ಹೊತ್ತಲ್ಲದ ಹೊತ್ತಿನಲ್ಲಿ ಬಂದದ್ದು ನೋಡಿ, ಒಳ್ಳೆಯ ಸುದ್ದಿಯೇ ಇರಬೇಕೆಂದು ಮುಖವರಳಿಸಿದಳು. ಅಲಿಯಾ ಚಪ್ಪಲಿಯನ್ನೂ ಬಿಡದೆ ಹೊಸ್ತಿಲಲ್ಲೇ ನಿಂತು, ಬೊಟ್ಟಿನಿಂದ ಹಿಡಿದು ಲಕೋಟೆಯವರೆಗೆ ಎಲ್ಲ ಹೇಳಿದಳು. ಏನನ್ನೂ ಮುಚ್ಚಿಡಲಿಲ್ಲ.

“ಯಾ ಅಲ್ಲಾ,” ಎಂದ ಚಾಂದ್ ಪಾಷಾ. ಎದ್ದು ನಿಂತ, ಮತ್ತೆ ಕೂತ. “ನನ್ ಬಾಟ್ಲಿಗಳಾ? ಶೋಕೇಸ್‌ಗೆ ಅಂದಿದ್ನಲ್ಲ! ಈ ಮನೇಲಿ ಕೂರಿಸಿ ಊಟ ಹಾಕಿದ್ವಲ್ಲೇ ಅವನಿಗೆ!”

ಖುರ್ಷೀದಾಳ ಕೈ ಪಾತ್ರೆಯೊಳಗೇ ನಿಂತಿತ್ತು. ಆಮೇಲೆ ಅದನ್ನು ಹೊರಗೆ ತೆಗೆದು, ಅಂಟು ಅಂಟಾದ ಬೆರಳುಗಳನ್ನು ಯಾರದೋ ಬೆರಳು ನೋಡುವಂತೆ ನೋಡಿದಳು. ಎದ್ದು ಹೋಗಿ ನಲ್ಲಿ ತಿರುಗಿಸಿ ಸೋಪು ಹಚ್ಚಿ ತೊಳೆದಳು. ಮತ್ತೆ ಸೋಪು ಹಚ್ಚಿದಳು. ಮೂರನೆಯ ಸಲ ಹಚ್ಚುವಾಗ ಅಲಿಯಾ ಹೋಗಿ ಅವಳ ಭುಜ ಹಿಡಿದುಕೊಂಡಳು.

“ಅಮ್ಮಿ, ನಿನ್ ತಪ್ಪಲ್ಲ. ನಿಂಗೆ ಗೊತ್ತಿರ್ಲಿಲ್ಲ. ಜೀಶಾನ್ ಮೋಸ ಮಾಡ್ದ.”

“ಜೀಶಾನ್ ಪರಾಯಾ, ಹೊರಗಿನೋನು,” ಎಂದಳು ಖುರ್ಷೀದಾ. ನಲ್ಲಿ ನಿಲ್ಲಿಸಿದಳು. ಒದ್ದೆ ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದು ಮಗಳ ಮುಖವನ್ನು ನೇರವಾಗಿ ನೋಡಿದಳು. ಅವಳ ಕಣ್ಣಲ್ಲಿ ಸ್ವಲ್ಪವೂ ಸಿಟ್ಟಿರಲಿಲ್ಲ, ಬರೀ ದಿಗಿಲಿತ್ತು. “ಅವನ್ನ ಬಿಡು. ನೀನು ಹುಟ್ಟಿದಾಗಿಂದ ಅದನ್ನ ತಿಂದೋಳು. ಒಂದ್ ವರ್ಷ ಮೂಗಿನ್ ಹತ್ರ ಇಟ್ಕೊಂಡಿದ್ಯಲ್ಲ ಬೇಟಿ, ಅದು ನನ್ ಕೈಯ್ದು ಅಂತ ನಿಂಗೆ ಒಂದ್ ಸಲಾನೂ ಗೊತ್ತಾಗ್ಲಿಲ್ವಾ?”